ಎಲ್ಲರೂ ಕೂತಿದ್ದಾಗ

ದೀಪಾವಳಿ ಊಟ ಮುಗಿದು ಎಲ್ಲರೂ ತಮ್ಮ ತಮ್ಮ ಕೋಟು ಹುಡುಕುತ್ತಿದ್ದ ಗದ್ದಲದಲ್ಲಿ ಮುಕುಂದ್ ಆ ಮಾತು ಹೇಳಿದ್ದ. ಪದ್ಮಜಾಳ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಅದನ್ನು ಕೊಡದೆ ನಿಂತಿದ್ದ.

“ನಮ್ಮ ಅವ್ವನ್ನ ಒಂದು ಮಾತು ಕೇಳ್ತೀನ್ರಿ. ಆಮ್ಯಾಲೆ ನಿಮ್ಮ ಮನ್ಯಾಗ ಕೇಳ್ತೀನಿ.”

“ಏನು ಕೇಳ್ತೀರಿ?” ಎಂದು ಅವಳು ಬೇಕೆಂದೇ ಕೇಳಿದ್ದಳು.

“ಕೋಟು ಯಾರದು ಅಂತ,” ಎಂದು ನಕ್ಕಿದ್ದ ಅವನು. ಧಾರವಾಡದವನ ಕಣ್ಣು ತುಟಿಗಿಂತ ಮೊದಲೇ ನಗುತ್ತಿತ್ತು.

ಅದಾದ ಮೇಲೆ ಮಾತಿಲ್ಲ, ಕತೆಯಿಲ್ಲ. ಅಮೆರಿಕದ ಜರ್ಸಿ ಸಿಟಿಯಿಂದ ಹೊರಡುವ ಬೆಳಗಿನ ಟ್ರೈನಿನಲ್ಲಿ ಅವಳಿಗಾಗಿ ಜಾಗ ಹಿಡಿದಿರುತ್ತಿದ್ದವನು ಬೇರೆ ಟ್ರೈನ್ ಹಿಡಿಯತೊಡಗಿದ. ಎದುರು ಸಿಕ್ಕರೆ ತಲೆ ತಗ್ಗಿಸಿ ಸರಿದುಹೋಗುತ್ತಿದ್ದ. ಕ್ರಿಸ್‌ಮಸ್ ಬಂತು, ಹೋಯಿತು. ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಮೂಕನಾದರೆ ಯಾವಳೋ ಮಾಟಗಾತಿ ಅವನ ನಾಲಿಗೆ ಕದ್ದು ಡಬ್ಬಿಯಲ್ಲಿ ಬಚ್ಚಿಟ್ಟಿರುತ್ತಿದ್ದಳು. ಮೈಸೂರಿನ ಅಜ್ಜಿಯ ಮಡಿಲಲ್ಲಿ ಬೆಳೆದ ಪದ್ಮಜಾಗೆ ಈಗ ಒಂದೇ ಚಿಂತೆ: ಅವನ ಅಮ್ಮ ಬೇಡವೆಂದರೋ, ಅವನೇ ಬೇಡವೆಂದುಕೊಂಡನೋ?

ರೂಮ್‌ಮೇಟ್ ಹಿಲ್ಡಾ ಮಂಗಳೂರಿನವಳು, ಪದ್ಮಜಾ ಲ್ಯಾಬಿನಲ್ಲಿ ಕೆಲಸ ಮಾಡುವ ಆಸ್ಪತ್ರೆಯಲ್ಲೇ ನರ್ಸು. ಆ ಊರಿನಲ್ಲಿ ಗುಡಿಯಿಲ್ಲವೆಂದು ಪದ್ಮಜಾ ಭಾನುವಾರಗಳಲ್ಲಿ ಅವಳ ಜೊತೆ ಚರ್ಚಿಗೆ ಹೋಗುತ್ತಿದ್ದಳು. ಮೊದಲ ದಿನವೇ ಹಿಲ್ಡಾ ಪಾಠ ಹೇಳಿದ್ದಳು: “ಹೆದರ್ಬೇಡ ಮಾರಾಯ್ತಿ. ಪಕ್ಕದವ್ರು ಎದ್ರೆ ಏಳು, ಕೂತ್ರೆ ಕೂರು. ಪಾದ್ರಿಗಳು ಕೊಡೋ ಪರಮಪ್ರಸಾದಕ್ಕೆ ಮಾತ್ರ ಬರ್ಬೇಡ, ಅದು ನಮ್ಗೆ ಮಾತ್ರ.” ಮೇಣದ ಬತ್ತಿಗಳ ಬೆಳಕಿನಲ್ಲಿ, ಅರ್ಥವಾಗದ ಹಾಡಿನ ನಡುವೆ, ಪದ್ಮಜಾ ತನ್ನ ದೇವರನ್ನು ಕರೆಯುತ್ತಿದ್ದಳು. ಯಾರೂ ಬೇಡವೆನ್ನುತ್ತಿರಲಿಲ್ಲ.

ಜನವರಿಯ ಒಂದು ಗುರುವಾರ ಹಿಲ್ಡಾ ಸುದ್ದಿ ತಂದಳು. “ನಿನ್ನ ಮುಕುಂದ್ ಇದ್ದಾನಲ್ಲ, ಶುಕ್ರವಾರ ಸಂಜೆ ಯಹೂದಿಗಳ ಗುಡಿಗೆ, ಅದೇ ಸಿನಗಾಗ್‌ಗೆ ಹೋಗ್ತಾನಂತೆ. ಒಬ್ಬ ಹೆಂಗಸಿನ ಕೈ ಹಿಡ್ಕೊಂಡು!”

“ಯಾವ ಹೆಂಗಸು?”

“ನಂಗೆಂಥ ಗೊತ್ತು? ಹೋಗಿ ನೋಡು. ಇಲ್ಲಿ ಕೂತು ದಿಂಬು ಒದ್ದೆ ಮಾಡ್ಬೇಡ.”

ಮರುದಿನ ಸಂಜೆ ಪದ್ಮಜಾ ಆ ಕಟ್ಟಡದ ಎದುರು ಚಳಿಯಲ್ಲಿ ನಿಂತಳು. ಹೆಪ್ಪುಗಟ್ಟಿದ ಹಿಮದ ಮೇಲೆ ಜೋಪಾನವಾಗಿ ಹೆಜ್ಜೆಯಿಡುತ್ತಾ ಮುಕುಂದ್ ಬಂದ. ಅವನ ತೋಳು ಹಿಡಿದಿದ್ದವಳು ಎಪ್ಪತ್ತು ದಾಟಿದ ಮುದುಕಿ, ಅವನು ಬಾಡಿಗೆಗಿದ್ದ ಮನೆಯ ಒಡತಿ ಮಿಸೆಸ್ ಫೆಲ್ಡ್‌ಮನ್. ಪದ್ಮಜಾಗೆ ನಗು ಬಂತು, ಹಿಂದೆಯೇ ನಾಚಿಕೆಯೂ.

ಓಡಿಹೋಗೋಣವೆನ್ನುವಷ್ಟರಲ್ಲಿ ಮುದುಕಿಯ ಕಣ್ಣಿಗೆ ಬಿದ್ದಳು. “ಇವಳು ನಿಮ್ಮ ದೇಶದವಳಲ್ಲವಾ? ಹೊರಗೆ ಯಾಕೆ ನಿಂತಿದ್ದೀಯ ಹುಡುಗಿ, ಒಳಗೆ ಬಾ,” ಎಂದು ಕೈ ಹಿಡಿದು ಎಳೆದೇಬಿಟ್ಟಳು. ಮುಕುಂದ್ ಬಾಗಿಲಲ್ಲಿ ಪುಟ್ಟ ಟೋಪಿಯೊಂದನ್ನು ತೆಗೆದುಕೊಂಡು ತಲೆಯ ಮೇಲಿಟ್ಟುಕೊಂಡ. ಆ ಟೋಪಿಯಲ್ಲಿ ಅವನು ಉಪನಯನದ ವಟುವಿನ ಹಾಗೆ ಕಂಡ. ಕೆನ್ನೆಗಳು ಇಳಿದುಹೋಗಿದ್ದವು.

ಮುದುಕಿ ಒಂದು ಪಕ್ಕ, ಅವನು ಇನ್ನೊಂದು ಪಕ್ಕ, ನಡುವೆ ಪದ್ಮಜಾ. ಹಾಡಿದರು, ಎದ್ದರು, ಕೂತರು. ಅವಳೂ ಎದ್ದಳು, ಕೂತಳು. ಹಿಲ್ಡಾಳ ಪಾಠ ಇಲ್ಲಿಯೂ ನಡೆಯಿತು. ಕೊನೆಗೆ ಅವರ ಧರ್ಮಗುರು ರಬ್ಬಿ ಮೆಲ್ಲಗೆ ಏನೋ ಹೇಳಿದರು. ಮುದುಕಿ ಎದ್ದಳು, ಮುಕುಂದ್ ಎದ್ದ, ಪದ್ಮಜಾ ಕೂಡ ಎದ್ದಳು.

ಎದ್ದ ಮೇಲೆ ಗೊತ್ತಾಯಿತು, ಸಭೆಯೆಲ್ಲ ಕೂತೇ ಇದೆ. ಅಲ್ಲೊಬ್ಬರು ಇಲ್ಲೊಬ್ಬರು ನಿಂತಿದ್ದರಷ್ಟೆ. ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ನೋಡಿದಳು. ಪದ್ಮಜಾಳ ಕಿವಿ ಬಿಸಿಯಾಯಿತು. ಕೂರಬೇಕೆಂದುಕೊಂಡಳು. ಆದರೆ ಪಕ್ಕದಲ್ಲಿ ಮುಕುಂದನ ಕೈ ಎದುರಿನ ಬೆಂಚನ್ನು ಹಿಡಿದುಕೊಂಡಿತ್ತು; ಬೆರಳ ಗೆಣ್ಣುಗಳು ಬಿಳಿಚಿದ್ದವು. ಆ ಕೈ ನೋಡಿ ಅವಳಿಗೆ ಕೂರಲಾಗಲಿಲ್ಲ. ಯಾಕೆಂದು ತಿಳಿಯದೆಯೇ ಕೊನೆಯವರೆಗೆ ನಿಂತಳು.

ಪ್ರಾರ್ಥನೆ ಮುಗಿದು ಜನ ಪಕ್ಕದ ಹಾಲ್‌ಗೆ ಹೊರಟರು. ಮುಕುಂದ್ ಅವಳನ್ನು ಪಡಸಾಲೆಯ ಮೂಲೆಗೆ ಕರೆದ.

“ನೀವ್ಯಾಕ ಎದ್ದ್ರಿ?”

“ನೀವು ಎದ್ರಿ, ಅದಕ್ಕೆ.”

“ಅದು ಮನೀ ಮಂದೀನ ಕಳಕೊಂಡವರು ನಿಲ್ಲೋದ್ರಿ! ನಿಮ್ಮ ಅಪ್ಪ ಅಮ್ಮ ಚೆಂದಾಗಿದ್ದಾರ. ಹಂಗ ನಿಲ್ಲಬಾರದು.”

“ಮತ್ತೆ ನೀವು?”

ಅವನು ಟೋಪಿ ತೆಗೆದು ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

“ಅವ್ವ ಹೋದಳ್ರಿ. ದೀಪಾವಳಿ ಆದ ವಾರಕ್ಕ. ತಂತಿ ಬರೋದ್ರಾಗ ಎಲ್ಲಾ ಮುಗಿದಿತ್ತು. ಅಲ್ಲೆ ಅಣ್ಣ ಚಿತಿಗೆ ಬೆಂಕಿ ಕೊಟ್ಟ. ನಾ ಇಲ್ಲೆ ಆಫೀಸಿನ್ಯಾಗ ಕುಂತಿದ್ದೆ.”

ಪದ್ಮಜಾ ಗೋಡೆಗೆ ಒರಗಿದಳು. ತಾನು ಎರಡು ತಿಂಗಳು ಮುನಿದುಕೊಂಡದ್ದು ಒಬ್ಬ ತಬ್ಬಲಿಯ ಮೇಲೆ.

“ನಮಗ್ಯಾರಿಗೂ ಹೇಳಲಿಲ್ಲ ಯಾಕೆ?”

“ಹೇಳಿದ್ರ ಖರೇ ಆಗ್ತದಲ್ಲ. ಮಿಸೆಸ್ ಫೆಲ್ಡ್‌ಮನ್ ಅವರ ಯಜಮಾನ್ರೂ ಸುಮಾರು ಅದ ಹೊತ್ತಿಗೆ ತೀರಿಕೊಂಡ್ರು. ಬರ್ಫದಾಗ ಬಿದ್ದಾರು ಅಂತ ಅವರನ್ನ ಕರಕೊಂಡು ಬಂದೆ. ನೀನೂ ನಿಲ್ಲು ಮಗನ, ಯಾರೂ ಏನೂ ಅನ್ನಂಗಿಲ್ಲ ಅಂದ್ರು. ನಮ್ಮ ಕಡೆ ಸೂತಕದವರು ಗುಡಿ ಹೊಸ್ತಿಲಾ ತುಳಿಯಂಗಿಲ್ಲ. ಇಲ್ಲೆ ಸೂತಕದವರನ್ನ ನಡುವ ಎಬ್ಬಿಸಿ ನಿಲ್ಲಿಸ್ತಾರ.”

ಅವಳಿಗೆ ಒಂದು ಪ್ರಶ್ನೆ ಗಂಟಲಲ್ಲೇ ಇತ್ತು. ಕೇಳಬಾರದ ಹೊತ್ತು. ಆದರೂ ಬಂತು.

“ಅವರನ್ನ... ಕೇಳಿದ್ರಾ? ನಮ್ಮ ವಿಷಯ?”

ಅವನು ತಲೆ ಅಲ್ಲಾಡಿಸಿದ. “ಹೆಂಗ ಕೇಳ್ಲಿ ಅಂತ ವಿಚಾರ ಮಾಡ್ಕೋತ ಕುಂತೆ. ಈಗ ಯಾರನ್ನ ಕೇಳ್ಲಿ? ಹೂಂ ಅಂತಿದ್ಲೋ, ಊಹೂಂ ಅಂತಿದ್ಲೋ. ಅಕೀ ಮಾತಿಲ್ಲದ ನಾ ಹೆಂಗ...” ಅವನ ಕಣ್ಣು ಬೇರೆ ಕಡೆಗಿತ್ತು.

ಹಾಗಾದರೆ ಇಷ್ಟೇ ಎಂದುಕೊಂಡಳು ಪದ್ಮಜಾ. ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು.

ಅಷ್ಟರಲ್ಲಿ ಮಿಸೆಸ್ ಫೆಲ್ಡ್‌ಮನ್ ಪೇಪರ್ ತಟ್ಟೆಯಲ್ಲಿ ಎರಡು ತುಂಡು ಕೇಕ್ ಹಿಡಿದು ಬಂದಳು. ಪದ್ಮಜಾಳ ಗಲ್ಲವನ್ನು ಮೆಲ್ಲಗೆ ಮುಟ್ಟಿದಳು.

“ನೀನೂ ನಿಂತಿದ್ದೆ. ಇಷ್ಟು ಎಳೆ ವಯಸ್ಸು. ಯಾರನ್ನು ಕಳೆದುಕೊಂಡೆ, ಮಗು?”

ಪದ್ಮಜಾ ಬಾಯಿ ತೆರೆದಳು. ಸುಳ್ಳು ಹೇಳುವ ಜಾಗವಲ್ಲ. ನಿಜ ಹೇಳಲು ಅವಳ ಬಳಿ ಏನೂ ಇರಲಿಲ್ಲ. ತಪ್ಪಾಯಿತೆಂದು ಹೇಳಿಬಿಡೋಣವೆಂದು ಉಸಿರೆಳೆದುಕೊಂಡಳು.

ಮುಕುಂದ್ ಅವಳಿಗಿಂತ ಮೊದಲು ಮಾತಾಡಿದ. ತಗ್ಗಿದ ದನಿ, ಆದರೆ ನಡುಗಲಿಲ್ಲ.

“ಅವಳ ಅತ್ತೆಯನ್ನ,” ಎಂದ ಇಂಗ್ಲಿಷಿನಲ್ಲಿ. “ನನ್ನ ತಾಯಿಯನ್ನ.”

ಮುದುಕಿ ಇಬ್ಬರನ್ನೂ ನೋಡಿದಳು. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅವನ ಒಂದು ಕೈ, ಅವಳ ಒಂದು ಕೈ ಹಿಡಿದು, ದುಃಖದಲ್ಲಿರುವವರಿಗೆ ತಮ್ಮವರು ಹೇಳುವ ಸಾಂತ್ವನದ ಮಾತನ್ನು ಹೇಳಿದಳು. ಆಮೇಲೆ ಏನೂ ಕೇಳದೆ ಹಾಲ್‌ಗೆ ಹೋದಳು.

ಪಡಸಾಲೆಯಲ್ಲಿ ಅವರಿಬ್ಬರೇ ಉಳಿದರು. ಮುಕುಂದ್ ಅವಳ ಮುಖ ನೋಡಲು ಹೆದರಿದವನಂತೆ ನೆಲ ನೋಡುತ್ತಿದ್ದ. “ನಿಮ್ಮನ್ನ ಕೇಳದ ಹೇಳಿಬಿಟ್ಟೆ. ತಪ್ಪಾತೇನ್ರಿ?”

ಪದ್ಮಜಾ ಕಣ್ಣೊರೆಸಿಕೊಂಡಳು. ತಂತಿ ಬಂದ ದಿನದಿಂದ ಯಾರೂ ಅವನನ್ನು ಕೇಳದ ಒಂದು ಪ್ರಶ್ನೆ ಕೇಳಿದಳು.

“ಅತ್ತೆ ಹೆಸರೇನು?”

ಅವನು ಹೇಳಿದ. “ತುಂಗಾಬಾಯಿ.” ಹೇಳುತ್ತಿದ್ದಂತೆಯೇ ಎರಡು ತಿಂಗಳು ಕಟ್ಟಿಕೊಂಡಿದ್ದ ಅಳು ಒಡೆಯಿತು. ಅವಳು ಹತ್ತಿರ ಬಂದು ನಿಂತಳು.