ಅಂಬಾಸಿಡರ್ರೋ, ಫಿಯಟ್ಟೋ

೧೯೭೯ರ ಡಿಸೆಂಬರ್ ೧೧, ಮಂಗಳವಾರ. ಬೆಳಿಗ್ಗೆ ಹನ್ನೊಂದೂವರೆಗೆ ಯಂಕೋಬ ಮಾನ್ವಿ ಠಾಣೆಗೆ ಬಂದ. ಹತ್ತಿ ಬಿಡಿಸಲು ಹೊರಟಿದ್ದ ಅವನ ತಂಗಿ ಮೂಕಮ್ಮನಿಗೆ ಕಲ್ಲೂರಿನ ಹತ್ತಿರ ಕಾರೊಂದು ಬಡಿದು, ನಿಲ್ಲದೆ ಹೋಗಿತ್ತು.

"ಜೀವ ಇತ್ರೀ ಸಾಹೇಬ್ರ, ನೀರು ಕೇಳಿದ್ಲು. ಬಂಡಿ ಹೂಡೋದ್ರಾಗ ಹೋಗಿಬಿಟ್ಲು."

"ಯಾವ ಕಾರು?"

"ಕರೀದು. ಹಿಂದಮುಂದ ಎರಡು ಹೋದ್ವು. ಧೂಳಿನ್ಯಾಗ ಗೊತ್ತಾಗಲಿಲ್ರೀ."

ಸಬ್‌ಇನ್‌ಸ್ಪೆಕ್ಟರ್ ಅಂಬಣ್ಣ ಎಫ್‌ಐಆರ್ ಬರೆಸಿ ಸ್ಥಳಕ್ಕೆ ಹೋದರು. ಕಾಲುವೆ ನೀರು ಸೋರಿ ರಸ್ತೆಯಂಚಿನ ಎರೆಮಣ್ಣು ಹಸಿಯಾಗಿತ್ತು. ಮೂಕಮ್ಮ ಬಿದ್ದಲ್ಲಿ ಎರಡೂ ಗಾಲಿಗಳ ಗುರುತು ಆಳವಾಗಿ ಕೂತಿತ್ತು. ಪೇದೆ ಪಕೀರಪ್ಪ ಟೇಪು ಹಿಡಿದ. ನಡುವಿನ ಅಂತರ ಐವತ್ತಮೂರು ಅಂಗುಲವೆಂದು ಪಂಚನಾಮೆಯಲ್ಲಿ ಬರೆದರು.

ಸಂಜೆ ರಾಯಚೂರಿನಲ್ಲಿ ಕರಿ ಫಿಯಟ್ ಸಿಕ್ಕಿತು. ಅದರ ಮುಂದಿನ ದೀಪದ ಗಾಜು ಒಡೆದಿತ್ತು. "ಕಲ್ಲು ಸಿಡಿದದ್ರೀ" ಎಂದ ಚಾಲಕ ಬುರ್ಹಾನುದ್ದೀನನ ಮಾತನ್ನು ಯಾರೂ ನಂಬಲಿಲ್ಲ, ಅಂಬಣ್ಣನೂ ನಂಬದೆ ಅವನನ್ನು ಠಾಣೆಗೆ ತಂದು ಕೂಡಿಹಾಕಿದರು. ಮರುದಿನ ಅವನ ಹೆಂಡತಿ ಹೀರಾಬಿ ಬೆಳಗಿನಿಂದ ಠಾಣೆಯ ಮೆಟ್ಟಿಲ ಮೇಲೇ ಕೂತಿದ್ದಳು. ಅವಳ ಮುಖ ನೋಡಿ ಅಂಬಣ್ಣನಿಗೆ ತಾನು ಅವಸರ ಮಾಡಿದೆನೇನೋ ಎಂದು ಕಸಿವಿಸಿಯಾಯಿತು.

"ಜೊತೀಗಿದ್ದ ಕಾರು ಯಾರದು?" ಎಂದು ಬುರ್ಹಾನುದ್ದೀನನನ್ನು ಕೇಳಿದರು.

"ಹತ್ತಿ ಮಿಲ್ಲಿನ ಧಣೇರದು. ಅಂಬಾಸಿಡರ್. ಅದೂ ಕರೀದ. ಹಂಪಯ್ಯ ಹೊಡೀತಾನ. ಈ ಫಿಯಟ್ ಧಣೇರು ತಗೋಬೇಕಂತಿದ್ರು, ಯಾವುದು ಚಲೋ ನೋಡೋಣು ಅಂತ ಮಾನ್ವಿಯಿಂದ ಎರಡೂ ಓಡ್ಸಿದ್ರು."

ಮಧ್ಯಾಹ್ನ ಮಿಲ್ಲಿನ ಧಣಿ ಒಂದು ಹಾಳೆ ತೋರಿಸಿದ. ಎರಡು ಕಾರುಗಳ ಜಾತಕವನ್ನೇ ಬರೆದಿಟ್ಟಿದ್ದ ಪುಣ್ಯಾತ್ಮ. ಫಿಯಟ್ಟಿನ ಎಂಜಿನ್ ೧೦೮೯ ಸಿಸಿ, ಲೀಟರಿಗೆ ಹದಿನಾಲ್ಕು ಕಿಲೋಮೀಟರ್. ಅಂಬಾಸಿಡರ್ ೧೪೮೯ ಸಿಸಿ, ಲೀಟರಿಗೆ ಹತ್ತು. ಕೆಳಗೆ ಗಾಲಿಗಳ ಅಂತರ: ಫಿಯಟ್ ನಲವತ್ತೆಂಟೂವರೆ ಅಂಗುಲ, ಅಂಬಾಸಿಡರ್ ಐವತ್ತಮೂರು.

ಅಂಬಣ್ಣ ಟೇಪು ಹಿಡಿದು ಅಂಬಾಸಿಡರ್ ನಿಂತಿದ್ದ ಶೆಡ್ಡಿಗೆ ನಡೆದರು. ಅಳತೆ ತಪ್ಪಿರಲಿಲ್ಲ. ತೊಳೆದ ಬಂಪರಿನ ಒಳಗಡೆ ಹಸಿರು ಸೀರೆಯ ಚಿಂದಿ ಸಿಕ್ಕಿಕೊಂಡಿತ್ತು. ಮೂಕಮ್ಮ ಉಟ್ಟದ್ದೂ ಅದೇ ಬಣ್ಣದ ಸೀರೆ.

"ಯಾಕ ನಿಲ್ಲಸಲಿಲ್ಲ?"

ಶೆಡ್ಡಿನಲ್ಲೇ ಇದ್ದ ಹಂಪಯ್ಯ ಬಾನೆಟ್ಟಿನ ಮೇಲೆ ಕೈಯಿಟ್ಟ. "ಹನ್ನೊಂದು ವರ್ಷ ಹೊಡದೀನ್ರೀ ಈ ಗಾಡಿ. ಸೋತ್ರ ಇದನ್ನ ಮಾರ್ತೀನಿ ಅಂತ ಧಣೇರು ಅಂದಿದ್ರು. ಮುಂದ ಫಿಯಟ್ಟಿನ ಧೂಳು ಕಾಣಾಕತ್ತಿತ್ತು."

"ಆಕಿಗೆ ಜೀವ ಇತ್ತು. ನೀರು ಕೇಳಿದ್ಲು."

ಹಂಪಯ್ಯ ಕಾರಿನ ಕೀಲಿಯನ್ನು ಅವರ ಕೈಗಿಟ್ಟ. ಸಂಜೆ ೪.೪೦ಕ್ಕೆ ಅವನನ್ನು ಬಂಧಿಸಿದರು. ಬುರ್ಹಾನುದ್ದೀನನನ್ನು ಬಿಟ್ಟು ಕಳಿಸುವಾಗ ಅಂಬಣ್ಣ ಹೀರಾಬಿಯ ಕಣ್ಣು ತಪ್ಪಿಸಿದರು.

ಕೊನೆಗೆ ಧಣಿಯ ಹೇಳಿಕೆ ಬಾಕಿಯಿತ್ತು.

"ಫಿಯಟ್ಟು ತಗೊಳ್ಳೋದು ನಾ ಹ್ವಾದ ವಾರನ ಗೊತ್ತು ಮಾಡೀನ್ರೀ" ಎಂದ ಅವನು. "ಮಾರಬ್ಯಾಡ್ರಿ ಅಂತ ಹಂಪಯ್ಯ ದಿನಾ ಕಾಡ್ತಿದ್ದ. ಅವನ ಸಮಾಧಾನಕ್ಕ ಓಡ್ಸು ಅಂದೆ, ಅಷ್ಟ."

ಅಂಬಣ್ಣ ಅದನ್ನು ಅಕ್ಷರ ಬಿಡದೆ ಬರೆದು ಸಹಿ ಹಾಕಿಸಿಕೊಂಡರು. ಲಾಕಪ್ಪಿನಲ್ಲಿದ್ದ ಹಂಪಯ್ಯನಿಗೆ ಮಾತ್ರ ಅದನ್ನು ಹೇಳಲು ಅವರಿಗೆ ಬಾಯಿ ಬರಲಿಲ್ಲ.