ಎಡಗಡೆ ಬಾಗಿಲಿನ ಗ್ಲಾಸು

೧೯೬೩ರ ಡಿಸೆಂಬರ್ ಹನ್ನೊಂದು, ಬುಧವಾರ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಜಯನಗರ ಠಾಣೆಗೆ ಬಂದ ಗಂಗಾಧರಯ್ಯ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಮೂರನೆಯ ಬ್ಲಾಕಿನಲ್ಲಿ ಅವರದು ಕಟ್ಟಡದ ಕಲ್ಲು, ಸುಣ್ಣದ ವ್ಯಾಪಾರ.

"ನನ್ನ ಪಿಕಪ್ ವ್ಯಾನಿಂದ ಗ್ಲಾಸ್ ಮಿಷನ್ ಕದ್ದಿದಾರೆ ಸಾರ್. ಹ್ಯಾಂಡಲ್ ತಿರುಗಿಸಿದರೆ ಕಿಟಕಿ ಗ್ಲಾಸನ್ನ ಮೇಲೆ ಕೆಳಗೆ ಮಾಡುತ್ತಲ್ಲ, ಬಾಗಿಲೊಳಗೆ ಇರೋದು, ಅದು."

ಇನ್ಸ್‌ಪೆಕ್ಟರ್ ಅನಂತಪದ್ಮನಾಭ ಎರಡು ದಿನದ ಬಂದೋಬಸ್ತು ಮುಗಿಸಿ ಆಗಷ್ಟೇ ಬೂಟು ಸಡಿಲಿಸಿದ್ದರು. ಅವರು ಮತ್ತೆ ಲೇಸು ಕಟ್ಟಿಕೊಂಡರು.

"ಬಾಗಿಲು ಮುರಿದಿದಾರಾ?"

"ಇಲ್ಲ. ಒಳಗಿನ ತಗಡು ಬಿಚ್ಚಿ, ಮಿಷನ್ ತೆಗೆದು, ತಗಡು ವಾಪಸ್ ಕೂರಿಸಿದಾರೆ. ಒಂದು ಸ್ಕ್ರೂ ಕೂಡ ಕಮ್ಮಿಯಿಲ್ಲ."

"ಮತ್ತೆ ಗೊತ್ತಾಗಿದ್ದು ಹೇಗೆ?"

"ನಮ್ಮನೆಯವರು ಕೂತು ಹ್ಯಾಂಡಲ್ ತಿರುಗಿಸಿದರು. ಅದು ಸುಮ್ಮನೆ ಸುತ್ತುತಾ ಇತ್ತು. ಬಿಚ್ಚಿಸಿ ನೋಡಿದರೆ ಗ್ಲಾಸಿನ ಅಡಿಗೆ ಒಂದು ಮರದ ತುಂಡು ಕೊಟ್ಟಿದಾರೆ. ಗಾಡಿ ನಿಂತಿರೋವಾಗ ಬೀಳದೇ ಇರಲಿ ಅಂತ. ಓಡಿಸಿದರೆ ಕುಲುಕಿ ಬಿದ್ದೇ ಬೀಳುತ್ತೆ."

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಶಾಮಣ್ಣ ನಕ್ಕ. "ಒಳ್ಳೆ ಕಳ್ಳ ಸಾರ್. ಸಂಬಳ ಕೊಟ್ಟು ಇಟ್ಕೋಬಹುದು."

ಎಫ್‌ಐಆರ್ ದಾಖಲಾಯಿತು. ದಂಡ ಸಂಹಿತೆಯ ೩೭೯ನೇ ಕಲಂ, ಕಳ್ಳತನ.

ವ್ಯಾನು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿತ್ತು. ಶೆಡ್ಡಿಗೆ ಬಾಗಿಲಿರಲಿಲ್ಲ. ಪಂಚರನ್ನು ಕರೆಸಿ ಸ್ಥಳದ ಪಂಚನಾಮೆ ಬರೆಯುವಾಗ ಅನಂತಪದ್ಮನಾಭ ಎಡ ಬಾಗಿಲಿನ ಕೆಳಗೆ ಬಗ್ಗಿದರು. ಹತ್ತುವ ಮೆಟ್ಟಿಲ ಮೇಲೆ ದುಂಡಗೆ ಒಂದು ಕಪ್ಪು ಕಲೆ. ಬೆರಳಿನಿಂದ ಒರೆಸಿ ಮೂಸಿದರು. ಕರ್ಪೂರ. ಬಾಗಿಲಿನ ಹಿಡಿಯ ಮೇಲೆ ಅರಿಶಿನ, ಕುಂಕುಮ. ಅದಕ್ಕೆ ಅಂಟಿಕೊಂಡು ಬಾಡಿದ ಒಂದು ಚೆಂಡು ಹೂವು.

"ಇದು ನೀವು ಮಾಡಿದ ಪೂಜೆಯಾ?"

ಗಂಗಾಧರಯ್ಯನವರ ಹೆಂಡತಿ ಕಮಲಾದೇವಿ ಇಲ್ಲವೆಂದು ತಲೆಯಾಡಿಸಿದರು. "ನಾವು ಶುಕ್ರವಾರ ಮುಂದುಗಡೆ ಮಾಡ್ತೀವಿ. ಬಾಗಿಲಿಗೆ ಯಾರು ಮಾಡ್ತಾರೆ? ಡ್ರೈವರ್ ಊರಿಗೆ ಹೋಗಿದಾನೆ, ಹೋಗೋ ಮುಂಚೆ ಏನೋ ಹರಕೆ ತೀರಿಸಿದಾನೆ ಅಂದ್ಕೊಂಡೆ."

ಶಾಮಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನು ಕೋಣನಕುಂಟೆಯ ಕಡೆಯವನು. "ನಮ್ಮೂರಲ್ಲಿ ಮರ ಕಡಿಯೋಕೆ ಮುಂಚೆ ಹಿಂಗೇ ಮಾಡ್ತಾರೆ ಸಾರ್. ಕೊಡಲಿ ಇಡೋ ಜಾಗಕ್ಕೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಹಚ್ಚಿ, ತಪ್ಪಾಯ್ತು, ಅವಶ್ಯ ಐತೆ, ಕೊಡು ಅಂತ ಕೇಳ್ಕೊಳೋದು."

"ಕಸುಬಿನ ಕಳ್ಳ ಅಲ್ಲ ಅಂತೀಯಾ."

"ಹೊಲ ಉತ್ತೋನು ಸಾರ್. ಈಗ ಗಾಡಿ ಹೊಡೀತಿದಾನೆ."

ಅನಂತಪದ್ಮನಾಭರನ್ನು ಕಾಡಿದ್ದು ಬೇರೆ. ಡ್ರೈವರ್ ಕೂರುವುದು ಬಲಕ್ಕೆ. ತನಗಾಗಿ ಕದಿಯುವವನಿಗೆ ಬಲ ಬಾಗಿಲಿನ ಮಿಷನ್ ಬೇಕಿತ್ತು. ಇವನು ಎಡಗಡೆಯದನ್ನು ಒಯ್ದಿದ್ದಾನೆ. ಅಂದರೆ ಅವನ ಪಕ್ಕದಲ್ಲಿ ಕೂರುವವರು ಯಾರೋ ಇದ್ದಾರೆ.

ಮಧ್ಯಾಹ್ನ ತಿಲಕ್ ನಗರದ ಗ್ಯಾರೇಜಿಗೆ ಹೋದರು. ಮಾಲೀಕ ಕಿಟ್ಟಿ ವ್ಯಾನೊಂದರ ಅಡಿಯಿಂದ ತೆವಳಿ ಹೊರಬಂದ.

"ಗಂಗಾಧರಯ್ಯನವರ ಮಾಡೆಲ್ ಪಿಕಪ್ಪು ಈ ಕಡೆ ಎಷ್ಟಿವೆ?"

"ಎರಡೇ ಸಾರ್. ಗಂಗಾಧರಯ್ಯನೋರದು ಒಂದು. ಬನ್ನೇರುಘಟ್ಟ ರಸ್ತೆ ನರ್ಸರಿಯೋರದು ಒಂದು, ಗಿಡ ಸಾಗಿಸ್ತಾರೆ. ಸಾಮಾನು ಮಾತ್ರ ಬೊಂಬಾಯಿಂದ ಬರಬೇಕು. ಬಂದ್ರೆ ಬಂತು."

"ಎಡಗಡೆ ಗ್ಲಾಸ್ ಮಿಷನ್ ಯಾರಾದ್ರೂ ಕೇಳಿದ್ರಾ?"

ಕಿಟ್ಟಿ ಕೈ ಒರೆಸುವುದನ್ನು ನಿಲ್ಲಿಸಿದ. "ನರ್ಸರಿ ಡ್ರೈವರ್ ಬೈರಣ್ಣ. ಬಿಳೇಕಹಳ್ಳಿಯೋನು. ಇಲ್ಲ ಅಂದ್ರೂ ಬರ್ತಿದ್ದ, ಇಲ್ಲ ಅಂದ್ರೂ ಬರ್ತಿದ್ದ. ತಲೆ ಕೆಟ್ಟು ಒಂದಿನ ಅಂದ್ಬಿಟ್ಟೆ, ಇರೋದೊಂದು ಗಂಗಾಧರಯ್ಯನೋರ ಗಾಡೀಲಿ, ಹೋಗಿ ಬಿಚ್ಕೋ ಗುರು ಅಂತ." ಮತ್ತೆ ಕೈ ಒರೆಸುತ್ತಾ ಹೇಳಿದ, "ತಮಾಷೆಗೆ ಅಂದಿದ್ದು ಸಾರ್."

"ಅವನು ನಕ್ಕನಾ?"

"ಇಲ್ಲ."

ಬಿಳೇಕಹಳ್ಳಿಯಲ್ಲಿ ಬೈರಣ್ಣನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನ ಹೊಲವಿದ್ದದ್ದು ಈಗ ಬಡಾವಣೆಯಾಗುತ್ತಿದ್ದ ಜಾಗದಲ್ಲಿ. ಪರಿಹಾರ ಕೈಗೆ ಬಂದು ಕರಗಿದ ಮೇಲೆ ಡ್ರೈವಿಂಗ್ ಕಲಿತನೆಂದು ದಾರಿ ತೋರಿಸಿದವರೇ ಹೇಳಿದರು. ಅಂಗಳದಲ್ಲಿ ಅವನ ಹೆಂಡತಿ ಮುನಿವೆಂಕಟಮ್ಮ ಒಣಶುಂಠಿ, ಮೆಣಸು ಕುಟ್ಟುತ್ತಿದ್ದಳು. ಬಾಣಂತಿ ಖಾರದ ಘಾಟಿಗೆ ಶಾಮಣ್ಣ ಸೀನಿದ.

"ಬೈರಣ್ಣ ಎಲ್ಲಿ?"

"ಹೆರಿಗೆ ಆಸ್ಪತ್ರೆಗೆ ಹೋಗವ್ರೆ ಸೋಮಿ. ಗೌರಮ್ಮ, ನನ್ ಕಿರಿಮಗ್ಳು. ಗಂಡು ಮಗ. ಇವತ್ತು ಮನೆಗೆ ಕರ್ಕೊಂಡ್ ಬರ್ತಾರೆ. ಯಾಕೆ, ಗಾಡಿ ಎಲ್ಲಾದ್ರೂ ತಗಲಿಸಿದ್ರಾ?"

"ಇಲ್ಲಮ್ಮ. ಗಾಡಿ ಕಿಟಕಿ ವಿಷಯ."

ಒನಕೆ ನಿಂತಿತು. "ದೊಡ್ಡೋಳು ಲಕ್ಷ್ಮಮ್ಮನ್ನ ಹೆರಿಗೆ ಆದ್ಮೇಲೆ ಇದೇ ಗಾಡೀಲಿ ಕರ್ಕೊಂಡ್ ಬಂದ್ರು. ಕಿಟಕಿ ಮುಚ್ತಿರ್ನಿಲ್ಲ. ದಾರಿಯುದ್ದ ಚಳಿಗಾಳಿ. ಮೂರನೇ ದಿನಕ್ಕೆ ಸನ್ನಿ ಹಿಡೀತು, ಹೋಗ್ಬುಟ್ಳು." ಮತ್ತೆ ಕುಟ್ಟತೊಡಗಿದಳು. "ಅವತ್ತಿಂದ ಅವ್ರು ಆ ಸೀಟಲ್ಲಿ ಯಾರ್ನೂ ಕೂರಿಸ್ಕೊಳಲ್ಲ. ಈ ಸಲ ಸರಿ ಮಾಡ್ಸಿವ್ನಿ, ಹೆದರ್ಕೋಬೇಡ ಅಂದ್ರು."

ಹೆರಿಗೆಯ ನಂಜಿನ ಜ್ವರಕ್ಕೂ ಗಾಳಿಗೂ ಸಂಬಂಧವಿಲ್ಲವೆಂಬುದು ಅನಂತಪದ್ಮನಾಭರಿಗೆ ಗೊತ್ತಿತ್ತು. ಅವರ ಸ್ವಂತ ಮನೆಯಲ್ಲಿ ಬಾಣಂತಿಯರ ಕಿವಿಗೆ ಹತ್ತಿ ಇಟ್ಟು ಬಟ್ಟೆ ಕಟ್ಟುತ್ತಿದ್ದುದೂ ಗೊತ್ತಿತ್ತು.

ಆಸ್ಪತ್ರೆಯ ಗೇಟಿನ ಬಳಿ ಪಿಕಪ್ ನಿಂತಿತ್ತು. ಎಡಗಡೆಯ ಗ್ಲಾಸು ಪೂರ್ತಿ ಮೇಲಿತ್ತು. ಒಳಗೆ ಕಂಬಳಿ ಹೊದ್ದ ಹುಡುಗಿ, ಮಡಿಲಲ್ಲಿ ಮಗು. ಬೈರಣ್ಣ ಗಾಡಿ ಹತ್ತುವವನಿದ್ದ. ಖಾಕಿ ಕಂಡು ನಿಂತ. ಪೊಲೀಸರನ್ನು ಮಗಳಿಗೆ ಕಾಣದ ಹಾಗೆ ಗಾಡಿಯ ಹಿಂದಕ್ಕೆ ಅವನೇ ಕರೆದೊಯ್ದ.

"ಗಂಗಾಧರಯ್ಯನೋರ ಗಾಡಿಯದಾ?"

"ಹೌದು ಸಾರ್."

"ಕಿಟಕಿಗೆ ಗೋಣಿತಾಟು ಕಟ್ಟಬಹುದಿತ್ತಲ್ಲ?"

"ಹೋದ ಸಲ ಕಟ್ಟಿದ್ದೆ ಸಾರ್."

"ಅವರನ್ನ ಕೇಳಬಹುದಿತ್ತು."

"ಕೇಳಿ, ಅವ್ರು ಇಲ್ಲ ಅಂದ್ಬಿಟ್ರೆ? ಆಮೇಲೆ ತಗೊಂಡ್ರೆ ಕಳ್ಳತನ ಆಗ್ತಿತ್ತು. ಅದಕ್ಕೇ ಗಾಡೀನ ಕೇಳ್ದೆ. ಭಾನುವಾರ ವಾಪಸ್ ಹಾಕ್ತೀನಿ ಅಂತ ಹೇಳಿ ಬಂದಿದ್ದೆ."

"ಗಾಡಿ ಸಾಕ್ಷಿ ಹೇಳಲ್ಲ ಬೈರಣ್ಣ."

"ಗೊತ್ತು ಸಾರ್. ಜಪ್ತಿ ಮಾಡ್ತೀರಾ?"

"ಮಾಡಬೇಕು."

"ಇಲ್ಲೇನಾ?"

ಇಲ್ಲೇ ಮಾಡಬೇಕಾಗಿತ್ತು. ಇಲ್ಲಿ ಬಿಚ್ಚಿದರೆ ಗ್ಲಾಸು ಬಾಗಿಲೊಳಗೆ ಬೀಳುತ್ತದೆ. ಬಿಸಿಲು ಇಳಿದಿತ್ತು, ಲಾಲ್‌ಬಾಗ್ ಕಡೆಯಿಂದ ತಣ್ಣನೆಯ ಗಾಳಿ ಆಗಲೇ ಶುರುವಾಗಿತ್ತು. ಶಾಮಣ್ಣ ಇನ್ಸ್‌ಪೆಕ್ಟರ್ ಮುಖ ನೋಡಿದ.

"ಶಾಮಣ್ಣ, ನಿನಗೆ ಗಾಡಿ ಬಿಡೋಕೆ ಬರುತ್ತಾ?"

"ಸೈಕಲ್ ಬರುತ್ತೆ ಸಾರ್."

"ಹಾಗಾದ್ರೆ ಹಿಂದೆ ಹತ್ತು."

ಆರೋಪಿಯೇ ಗಾಡಿ ಓಡಿಸಿದ. ಇನ್ಸ್‌ಪೆಕ್ಟರೂ ಕಾನ್‌ಸ್ಟೇಬಲೂ ಹಿಂದೆ ಗಿಡದ ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತರು. ಎತ್ತಿನ ಗಾಡಿಗಳೂ ಹಿಂದೆ ಹಾಕುವಷ್ಟು ನಿಧಾನವಾಗಿ ಬೈರಣ್ಣ ಹೋದ. ಬಿಳೇಕಹಳ್ಳಿಯಲ್ಲಿ ಮುನಿವೆಂಕಟಮ್ಮ ಬಾಣಂತಿಗೆ ದೃಷ್ಟಿ ತೆಗೆದು ಒಳಗೆ ಕರೆದುಕೊಂಡಳು. ಹಿಂದೆ ಕೂತವರನ್ನು ನೋಡಿ ಗೌರಮ್ಮ ಕೇಳಿದ್ದು ಒಂದೇ ಮಾತು. "ಪಾಪ, ಅವ್ರಿಗೆ ಚಳಿ ಆಗ್ಲಿಲ್ವಾ ಅಪ್ಪ?"

"ಕೆಲ್ಸ ಐತೆ, ನಂಜೊತೆ ಬಂದವ್ರೆ," ಎಂದ ಬೈರಣ್ಣ. ಬಾಗಿಲು ಮುಚ್ಚುವವರೆಗೂ ಕಾದು, ಗಾಡಿಯನ್ನು ಠಾಣೆಗೆ ತಿರುಗಿಸಿದ.

ಅಲ್ಲಿ ಜಪ್ತಿ ಪಂಚನಾಮೆ ನಡೆಯಿತು. ಬಿಚ್ಚುವುದು ಬೇರೆ ಯಾರಿಗೂ ಬಾರದ್ದರಿಂದ ಬೈರಣ್ಣನೇ ಸ್ಪ್ಯಾನರ್ ಹಿಡಿದ. ಗುರುತಿಸಲು ಬಂದ ಗಂಗಾಧರಯ್ಯ ಕತೆ ಕೇಳಿ, ಎಣ್ಣೆ ಹಚ್ಚಿದ್ದ ಆ ಮಿಷನ್ನನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಬಿಟ್ಟುಬಿಡಿ ಸಾರ್. ನನ್ನ ಸಾಮಾನು ನನಗೆ ಸಿಕ್ಕಿತಲ್ಲ."

"ಸಿಕ್ಕಿಲ್ಲ. ಕೇಸು ಮುಗಿಯೋವರೆಗೂ ಅದು ಮುದ್ದೆಮಾಲು, ಠಾಣೇಲೇ ಇರಬೇಕು. ನೀವು ಹೇಳೋದನ್ನ ಕೋರ್ಟಿನಲ್ಲಿ ಹೇಳಿ."

ಹೀಗೆ ಆ ಚಳಿಗಾಲವಿಡೀ ಎರಡು ಪಿಕಪ್ಪುಗಳಿಗೂ ಎಡಗಡೆಯ ಕಿಟಕಿ ಇಲ್ಲದಂತಾಯಿತು.

ಮರುದಿನ ಮ್ಯಾಜಿಸ್ಟ್ರೇಟರು ಬೈರಣ್ಣನನ್ನು ಕೆಲವು ದಿನ ಪೊಲೀಸ್ ವಶಕ್ಕೆ ಕೊಟ್ಟರು. ಅವನು ಜಾಮೀನಿನ ಮಾತೆತ್ತಲಿಲ್ಲ. ಊಟದ ತಟ್ಟೆಯನ್ನು ಹಾಗೇ ಹಿಂದಕ್ಕೆ ತಳ್ಳಿ ಕಂಬಿ ಹಿಡಿದು ನಿಲ್ಲುತ್ತಿದ್ದ. ಅಪರಾಧದ ಕಾರಣವೆಂದು ಅನಂತಪದ್ಮನಾಭ ಕೇಸ್ ಡೈರಿಯಲ್ಲಿ 'ಮಗಳ ಬಗ್ಗೆ ಭಯ' ಎಂದು ಬರೆದು, ಅದು ಸಾಲದೆನಿಸಿದರೂ ಹಾಗೇ ಬಿಟ್ಟರು.

ಗೌರಮ್ಮ ಮನೆಗೆ ಬಂದ ಮೂರನೆಯ ದಿನ, ಮುನಿವೆಂಕಟಮ್ಮನ ಹೇಳಿಕೆಯಲ್ಲಿ ಒಂದು ಸಹಿ ಬಾಕಿಯಿದೆಯೆಂದು ಶಾಮಣ್ಣನನ್ನು ಸೈಕಲ್ಲಿನಲ್ಲಿ ಬಿಳೇಕಹಳ್ಳಿಗೆ ಕಳಿಸಿದರು. ಯಾವ ಸಹಿಯೂ ಬಾಕಿಯಿರಲಿಲ್ಲ. ಶಾಮಣ್ಣ ಸಂಜೆ ಬಂದವನು ನೇರ ಲಾಕಪ್ಪಿನ ಮುಂದೆ ನಿಂತ.

"ಜ್ವರ ಇಲ್ಲ. ಅನ್ನ ಉಣ್ತಾವ್ಳೆ. ಖಾರ ಜಾಸ್ತಿ ಅಂತ ಅವರವ್ವನ ಜೊತೆ ಜಗಳ."

ಬೈರಣ್ಣ ಕಂಬಿ ಬಿಟ್ಟ. ಗೋಡೆಗೆ ಒರಗಿ ಮೆಲ್ಲಗೆ ಕುಸಿದು ಕೂತ. ಶಾಮಣ್ಣ ನೀರು ತರುವಷ್ಟರಲ್ಲಿ ಅವನಿಗೆ ಗಾಢ ನಿದ್ದೆ ಹತ್ತಿತ್ತು.