ಯಾರೂ ಹೇಳಿಕೊಡಬೇಡಿ!

"ಅವನಿಗೆ ಕೆಂಪು ಕಾರು ಬೇಕು," ಅಂದಳು ಮೈಕ್.

"ನಾನು ನಿನ್ನ ಕೇಳಲಿಲ್ಲ ಮರಿ. ನಿನ್ನ ತಮ್ಮನನ್ನ ಕೇಳಿದ್ದು," ಅಂದರು ಮೇಡಂ.

"ನನ್ನ ಕೇಳಿದ್ರೂ ಒಂದೇ, ಅವನ್ನ ಕೇಳಿದ್ರೂ ಒಂದೇ."

ಅಮ್ಮ ಮೇಜಿನ ಕೆಳಗಿನಿಂದ ಅವಳ ತೊಡೆ ಚಿವುಟಿದಳು.

ತಮ್ಮ ಬಟಾಣಿ ಕೆಳಗೆ ಚಾಪೆಯ ಮೇಲೆ ಕೂತಿದ್ದ. ಮುಂದೆ ಆಟದ ಕಾರುಗಳ ಸಾಲು. ಅವನ ತುಟಿಗಳು ಮಾತ್ರ ಬಿಗಿ ಮುಚ್ಚಳದ ಡಬ್ಬಿಯ ಹಾಗೆ ಮುಚ್ಚಿಕೊಂಡಿದ್ದವು.

ಬಟಾಣಿಗೆ ಆರು ವರ್ಷ. ಮನೆಯೊಳಗೆ ಅವನ ಬಾಯಿಗೆ ಬ್ರೇಕೇ ಇಲ್ಲ. ಸ್ನಾನಕ್ಕೆ ಹೋದರೆ ಬಕೆಟ್ಟು ರಾಜ, ಮಗ್ಗು ಮಂತ್ರಿ, ಸೋಪು ತಪ್ಪಿಸಿಕೊಂಡು ಓಡುವ ಕಳ್ಳ. ಆದರೆ ಹೊಸಿಲು ದಾಟಿದ್ದೇ ತಡ, ಅವನ ಮಾತುಗಳೆಲ್ಲ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಅವಿತು ಕೂತುಬಿಡುತ್ತಿದ್ದವು. ಅವನು ವಾಪಸ್ ಬರುವವರೆಗೂ ತಲೆ ಹೊರಗೆ ಹಾಕುತ್ತಿರಲಿಲ್ಲ.

ಹೊರಗೆ ಅವನ ಬಾಯಿ ಅಂದರೆ ಅಕ್ಕ. "ಅವನಿಗೆ ಬಾಯಾರಿಕೆ ಮಿಸ್." "ಅವನಿಗೆ ಶೂ ಬಿಗಿ." ಅದಕ್ಕೇ ಸ್ಕೂಲಲ್ಲಿ ಎಲ್ಲರೂ ಅವಳನ್ನು ಮೈಕ್ ಅನ್ನುತ್ತಿದ್ದರು. ಅವಳಿಗೆ ಬೇಜಾರೇನೂ ಇರಲಿಲ್ಲ, ಒಳಗೊಳಗೇ ಹೆಮ್ಮೆ. ತಮ್ಮನನ್ನು ಯಾರಾದರೂ 'ಮೂಗ' ಅಂದರೆ ಮಾತ್ರ ಅವಳ ಸ್ಕೂಲ್ ಬ್ಯಾಗು ಗಾಳಿಯಲ್ಲಿ ಒಂದು ಸುತ್ತು ತಿರುಗುತ್ತಿತ್ತು.

ಹೋದ ತಿಂಗಳು ಕ್ಲಾಸಿನ ಬಾಗಿಲಿಗೆ ಬಟಾಣಿಯ ಬೆರಳು ಸಿಕ್ಕಿಕೊಂಡಿತು. ಅವನು 'ಅಯ್ಯೋ' ಅಂತಲೂ ಅನ್ನಲಿಲ್ಲ. ನೀಲಿಗಟ್ಟಿದ ಬೆರಳನ್ನು ಜೇಬಲ್ಲಿ ಬಚ್ಚಿಟ್ಟುಕೊಂಡು, ಸ್ಕೂಲ್ ಬಿಡುವವರೆಗೂ ಸುಮ್ಮನೆ ಕೂತಿದ್ದ. ಮೈಕ್ ಆಗ ಮೇಲಿನ ಮಹಡಿಯ ತನ್ನ ಕ್ಲಾಸಿನಲ್ಲಿದ್ದಳು.

ಅವತ್ತೇ ಅಮ್ಮ ಈ ಮೇಡಂ ಹತ್ತಿರ ಹೋಗೋಣ ಅಂದದ್ದು. ಇವರು ಸೂಜಿ ಚುಚ್ಚುವ ಡಾಕ್ಟರಲ್ಲ. ಮನಸ್ಸಿನ ಭಯಕ್ಕೆ ಚಿಕಿತ್ಸೆ ಕೊಡುವವರು.

"ಬಟಾಣಿದು ಹಠ ಅಲ್ಲ," ಅಂದರು ಮೇಡಂ. "ಹೊರಗಿನವರ ಮುಂದೆ ಮಾತಾಡ್ಬೇಕು ಅಂದ್ರೆ ಭಯ ಬಂದು ಅವನ ಗಂಟಲು ಹಿಡ್ಕೊಳ್ಳುತ್ತೆ. ಆಗ ನೀನು ಓಡಿ ಬಂದು ಹೇಳಿಬಿಡ್ತೀಯ. ಭಯಕ್ಕೆ ಖುಷಿಯೋ ಖುಷಿ. 'ನೋಡಿದ್ಯಾ, ನಿನ್ನ ಕೈಲಾಗಲ್ಲ' ಅಂತ ಅವನ ಕಿವೀಲಿ ಹೇಳಿ ಹೋಗುತ್ತೆ. ಮುಂದಿನ ಸಲ ಇನ್ನೂ ದಪ್ಪ ಆಗಿ ಬರುತ್ತೆ."

ಮೈಕ್ ಧಡಕ್ಕನೆ ಎದ್ದು ನಿಂತಳು. "ಅಂದ್ರೆ ತಪ್ಪು ನಂದಾ?"

"ತಪ್ಪಲ್ಲ, ಪ್ರೀತಿ. ಆದ್ರೆ ಮುಂದಿನ ವರ್ಷ ನೀನು ದೊಡ್ಡ ಸ್ಕೂಲಿಗೆ ಹೋಗ್ತೀಯ. ಆಗ ಬೆರಳು ಸಿಕ್ಕಿಕೊಂಡ್ರೆ?"

"ಹೋಗಲ್ಲ! ಫೇಲಾಗ್ತೀನಿ. ಇದೇ ಸ್ಕೂಲಲ್ಲಿ ಇರ್ತೀನಿ."

"ಫೇಲಾಗೋಕೂ ಪ್ಲಾನ್ ಹಾಕಿದಾಳೆ ನೋಡಿ," ಅಂದಳು ಅಮ್ಮ.

ಮೇಡಂ ನಕ್ಕು, ಮೈಕ್‌ಗೆ ಒಂದು ಹೋಮ್‌ವರ್ಕ್ ಕೊಟ್ಟರು. ಯಾರಾದರೂ ಬಟಾಣಿಯನ್ನು ಏನಾದರೂ ಕೇಳಿದರೆ ಅವಳು ಹೇಳಬಾರದು. 'ಹೇಳೋ ಹೇಳೋ' ಅಂತ ಅವನನ್ನು ಪೀಡಿಸಲೂಬಾರದು. ಪಕ್ಕದಲ್ಲಿ ನಿಂತು ಕಾಯಬೇಕು, ಅಷ್ಟೇ. ಅವನು ಪಿಸುಗುಟ್ಟಿದರೂ ಸಾಕು. ಹೇಳಿದ ಮೇಲೆ ಚಪ್ಪಾಳೆ ಗಿಪ್ಪಾಳೆ ಬೇಡ.

"ಅವನು ಹೇಳ್ದೇ ಇದ್ರೆ?"

"ಇನ್ನೊಂದು ದಿನ ಹೇಳ್ತಾನೆ."

"ಅತ್ರೆ?"

"ಪಕ್ಕದಲ್ಲೇ ಇರ್ತೀಯಲ್ಲ."

"ನಾನು ಮಾಡಲ್ಲ," ಅಂದಳು ಮೈಕ್. ಮೆಟ್ಟಿಲು ಇಳಿಯುವಾಗಲೂ ಅಂದಳು. ಬಸ್ಸಿನಲ್ಲೂ ಅಂದಳು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ತನಗೇ ಅಂದಳೇನೋ ಅಂತ ತಿರುಗಿ ನೋಡಿದ.

ಮನೆಯೊಳಗೆ ಕಾಲಿಟ್ಟ ಕೂಡಲೇ ಬಟಾಣಿಯ ಮಾತುಗಳು ಓಡೋಡಿ ಬಂದು ಅವನನ್ನು ಸೇರಿಕೊಂಡವು.

"ಅಕ್ಕ, ನೀನು ನಿಜವಾಗ್ಲೂ ಫೇಲಾಗ್ತೀಯಾ?"

"ಹೂಂ. ನಿನಗೋಸ್ಕರ."

ಬಟಾಣಿ ಸಾಕ್ಸ್ ಎಳೆಯುತ್ತಾ ಯೋಚಿಸಿದ. "ನಾನೇ ಹೇಳೋಕೆ ಕಲಿತ್ರೆ ಫೇಲಾಗೋದು ಬೇಡ್ವಾ?"

ಮೈಕ್ ಅವನ ಇನ್ನೊಂದು ಕಾಲಿನ ಸಾಕ್ಸ್ ಎಳೆದು ತೆಗೆದಳು.

ಭಾನುವಾರ ಅಮ್ಮ ಇಬ್ಬರನ್ನೂ ಕಟಿಂಗ್ ಶಾಪಲ್ಲಿ ಬಿಟ್ಟು ತರಕಾರಿ ತರಲು ಹೋದಳು. ಬೆಂಚಿನ ತುಂಬ ಜನ. ಕಟಿಂಗ್ ಮಾಮ ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಇಟ್ಟು, ಬಟಾಣಿಯನ್ನು ಎತ್ತಿ ಕೂರಿಸಿ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದರು. ಕನ್ನಡಿಯಲ್ಲಿ ಒಂದು ಪುಟ್ಟ ತಲೆ ಮಾತ್ರ ಮೋಡದ ಮೇಲೆ ತೇಲುತ್ತಿರುವಂತೆ ಕಂಡಿತು.

"ಹೇಗೆ ಕಟ್ ಮಾಡ್ಲಿ ಮರಿ?" ಕೇಳಿದ್ದು ಬಟಾಣಿಯನ್ನು, ನೋಡಿದ್ದು ಅಕ್ಕನನ್ನು. ಯಾವಾಗಲೂ ಹಾಗೇ.

'ಪೂರ್ತಿ ಸಣ್ಣದಾಗಿ' ಅನ್ನುವ ಮಾತು ಮೈಕ್‌ನ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಸಣ್ಣ ಕೂದಲಾದರೆ ಬೆಳಿಗ್ಗೆ ಬಾಚುವ ರಗಳೆ ಇಲ್ಲ ಅಂತ ಎಂದೋ ಅವಳೇ ತೀರ್ಮಾನ ಮಾಡಿದ್ದಳು. ಈಗ ತುಟಿ ಕಚ್ಚಿ ಅದನ್ನು ನುಂಗಿಕೊಂಡಳು.

"ಏನಮ್ಮಾ, ಇವತ್ತು ನಿಂಗೂ ಮಾತು ನಿಂತುಹೋಯ್ತಾ?"

"ಬೇಗ ಹೇಳೋ ಮಾರಾಯ, ನಮಗೂ ಮನೆ ಮಠ ಇದೆ," ಅಂದರು ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಅಂಕಲ್.

"ಬೋಳಿಸಿಬಿಡಿ ಮಾಮ, ಆಗ ಬಾಯಿ ತಾನಾಗೇ ಬರುತ್ತೆ!" ಅಂದ ಪಕ್ಕದಲ್ಲಿ ಫೋನ್ ಒತ್ತುತ್ತಿದ್ದ ಅಣ್ಣ.

ಎಲ್ಲರೂ ನಕ್ಕರು. ಬಟಾಣಿಯ ಕಿವಿ ಕೆಂಪಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು.

ಒಂದೇ ಒಂದು ಮಾತು. ಮೈಕ್ ಅದನ್ನು ಹೇಳಿದರೆ ನಗು ನಿಲ್ಲುತ್ತಿತ್ತು, ಕತ್ತರಿ ಶುರುವಾಗುತ್ತಿತ್ತು. ಅವಳ ಕೈ ಬ್ಯಾಗಿಗಾಗಿ ತಡಕಾಡಿತು. ಇವತ್ತು ಬ್ಯಾಗೂ ಇರಲಿಲ್ಲ.

ಅವಳು ಗಿರಕ್ಕನೆ ತಿರುಗಿ, ಕುರ್ಚಿಗೂ ಬೆಂಚಿಗೂ ನಡುವೆ ಕೈ ಅಗಲಿಸಿ ನಿಂತಳು.

"ಯಾರೂ ಹೇಳಿಕೊಡಬೇಡಿ! ಯಾರೂ ನಗಬೇಡಿ! ತಲೆ ಅವನದು, ಅವನೇ ಹೇಳ್ತಾನೆ. ಎಷ್ಟು ಹೊತ್ತಾದ್ರೂ ಸರಿ, ಕಾಯ್ತೀವಿ."

"ಅಬ್ಬಬ್ಬಾ! ನಾವೂ ಕಾಯ್ಬೇಕಾ?" ಅಂದರು ಪೇಪರ್ ಅಂಕಲ್.

"ಕಾಯಿರಿ ಅಂಕಲ್. ಹಿಂದಿನ ಪೇಜಲ್ಲೂ ನ್ಯೂಸ್ ಇರುತ್ತೆ, ತಿರುಗಿಸಿ ಓದಿ."

ಫೋನಿನ ಅಣ್ಣ ಬಾಯಿ ತೆರೆದ. ಮೈಕ್ ಅವನನ್ನು ದುರುಗುಟ್ಟಿ ನೋಡಿದಳು. ಅವನು ಬಾಯಿ ಮುಚ್ಚಿದ.

ಕಟಿಂಗ್ ಮಾಮ ಒಂದು ಕ್ಷಣ ಅವಳನ್ನು, ಒಂದು ಕ್ಷಣ ಕನ್ನಡಿಯ ಪುಟ್ಟ ಮುಖವನ್ನು ನೋಡಿದರು. ಆಮೇಲೆ ಕತ್ತರಿ ಕೆಳಗಿಟ್ಟು ರೇಡಿಯೋ ಆರಿಸಿದರು. "ಸಣ್ಣ ಮಾಡ್ಲೋ, ಬಿಡ್ಲೋ?" ಅಂತ ಮೆಲ್ಲಗೆ ಕೇಳಿ, ಆತುರವೇ ಇಲ್ಲದವರ ಹಾಗೆ ಬಾಚಣಿಗೆ ಒರೆಸುತ್ತಾ ನಿಂತರು.

ಫ್ಯಾನ್ ಕಟಕಟ ಅನ್ನುತ್ತಿತ್ತು. ನೆಲದ ಮೇಲಿನ ಕೂದಲ ಉಂಡೆಯೊಂದು ಗಾಳಿಗೆ ಇಲಿಮರಿಯ ಹಾಗೆ ಓಡಾಡಿತು. ಮೈಕ್ ತಮ್ಮನ ಕಡೆ ತಿರುಗಲಿಲ್ಲ. ತಿರುಗಿದರೆ ತಾನು ಹೇಳಿಯೇಬಿಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು.

"ಮುಂದೆ... ಬಿಡಿ."

ಎಷ್ಟು ಸಣ್ಣ ದನಿ ಅಂದರೆ, ಕನ್ನಡಿಯೊಳಗಿನ ಹುಡುಗನೇ ಪಿಸುಗುಟ್ಟಿದ ಹಾಗಿತ್ತು.

ಮಾಮ ಬಗ್ಗಿದರು. "ಮುಂದೆ ಬಿಡ್ಬೇಕಾ? ಎಲ್ಲೀವರೆಗೆ?"

ಬಿಳಿ ಬಟ್ಟೆಯ ಅಡಿಯಿಂದ ಒಂದು ಕೈ ಹೊರಗೆ ಬಂತು. ಬೆರಳು ಹುಬ್ಬಿನ ಮೇಲೆ ನಿಂತಿತು. "ಇಲ್ಲೀವರೆಗೆ."

"ಸರಿ ಸರ್," ಅಂದರು ಮಾಮ. ಕತ್ತರಿ ಕಿಚಕಿಚ ಅಂತ ಶುರುವಾಯಿತು.

ಚಪ್ಪಾಳೆ ಹೊಡೆಯಬಾರದಲ್ಲ, ಮೈಕ್ ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡಳು. ಆಮೇಲೆ ಮೆಲ್ಲಗೆ ತಿರುಗಿ ನೋಡಿದಳು.

ಪ್ರತಿ ಸಲ ಕಟಿಂಗ್ ಮಾಡಿಸಿಕೊಂಡು ಬಂದ ಮೇಲೆ ಬಟಾಣಿ ಮನೆಯ ಕನ್ನಡಿ ಮುಂದೆ ನಿಂತು, ಇಲ್ಲದ ಕೂದಲನ್ನು ಹಣೆಗೆ ಎಳೆದುಕೊಳ್ಳುತ್ತಿದ್ದ. ಆಟ ಆಡುತ್ತಿದ್ದಾನೆ ಅಂತ ಅವಳು ನಗುತ್ತಿದ್ದಳು. ಮನೆಯಲ್ಲಿ ಅಷ್ಟೊಂದು ಮಾತಾಡುವ ಹುಡುಗ. ಆದರೂ 'ನಿನಗೆ ಹೇಗೆ ಬೇಕು' ಅಂತ ಅವಳು ಅವನನ್ನು ಒಂದು ಸಲವೂ ಕೇಳಿರಲಿಲ್ಲ.

ಅವಳು ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಪೇಪರ್ ಅಂಕಲ್ ಸ್ವಲ್ಪ ಸರಿದು ಜಾಗ ಕೊಟ್ಟರು. ಹಿಂದಿನ ಪೇಜೇ ಓದುತ್ತಿದ್ದರು.

ಮಾಮ ಬಟ್ಟೆ ಬಿಚ್ಚಿ ಕೊಡವಿದರು. "ಪೌಡರ್ ಹಾಕ್ಲೋ ಬೇಡ್ವೋ ಸರ್?"

ಬೆಂಚಿನವರೆಲ್ಲ ತಲೆ ಎತ್ತಿದರು. ಮೈಕ್ ಕೂಡ ಕತ್ತು ಉದ್ದ ಮಾಡಿ ಕಿವಿಗೊಟ್ಟಳು. ಉತ್ತರ ಏನು ಬರುತ್ತದೋ ಅವಳಿಗೂ ಗೊತ್ತಿರಲಿಲ್ಲ.